ಅಧ್ಯಕ್ಷರ ಕ್ಯಾನು

ತೊರೆಕೊಪ್ಪಲಿನ ಹಾಲಿನ ಡೈರಿ ಮುಂದೆ ಸಂಜೆ ಐದಕ್ಕೆ ಜನ ಸಾಲು ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಬಂದವರು ಬಂದ ಹಾಗೆ ತಮ್ಮ ಕ್ಯಾನನ್ನು ಕೊನೆಯ ಕ್ಯಾನಿನ ಹಿಂದೆ ಇಟ್ಟು, ಎದುರಿನ ಬೇವಿನ ಕಟ್ಟೆಗೆ ಹೋಗಿ ಕೂತು ಮಾತಿಗೆ ಬೀಳುತ್ತಾರೆ. ಒಳಗೆ ಸೆಕ್ರೆಟರಿ ನಾಗೇಶ ಹಾಲು ಪರೀಕ್ಷಿಸುವ ಮಿಷನ್ನು ಒರೆಸಿ, ‘ಹೂಂ, ಬನ್ನಿ’ ಅಂದ ಮೇಲೆ ಯಾರ ಕ್ಯಾನು ಮುಂದಿದೆಯೋ ಅವರು ಎದ್ದು ಬರುತ್ತಾರೆ. ಮಿಕ್ಕವರು ತಮ್ಮ ತಮ್ಮ ಕ್ಯಾನನ್ನು ಕಾಲಿನಲ್ಲೇ ಒಂದು ಗೇಣು ಮುಂದಕ್ಕೆ ತಳ್ಳಿ ಮತ್ತೆ ಕಟ್ಟೆ ಸೇರುತ್ತಾರೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಲ್ಲ. ಆ ಊರಲ್ಲಿ ಹುಟ್ಟಿದ ಮಕ್ಕಳಿಗೆ ನಡಿಗೆ ಹೇಗೆ ಬರುತ್ತದೋ ಹಾಗೆ ಬರುತ್ತದೆ.

ದೇವಿರಮ್ಮನ ಮೊಮ್ಮಗಳು ನಿಖಿತಾಗೆ ಬರಲಿಲ್ಲ.

ನಿಖಿತಾಗೆ ಹನ್ನೊಂದು ತುಂಬಿತ್ತು. ಮಾತು ಕಡಿಮೆ. ಆಡಿದರೂ ಎಲ್ಲೋ ಕೇಳಿದ್ದನ್ನು ಕೇಳಿದ ಧಾಟಿಯಲ್ಲೇ ಆಡುವವಳು. ಎದುರಿನವರ ಮುಖ ನೋಡುತ್ತಿರಲಿಲ್ಲ; ಅವರ ಕಿವಿಯ ಪಕ್ಕ ಏನೋ ಕೂತಿದೆ ಎಂಬಂತೆ ಅಲ್ಲಿ ನೋಡುತ್ತಿದ್ದಳು. ಗದ್ದಲವಾದರೆ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಊರಿನವರು ಗಾಳಿ ಅಂದರು, ಹೆತ್ತವಳು ಗ್ರಹಣ ನೋಡಿದ್ದಾಳೆ ಅಂದರು, ದುಡ್ಡಿದ್ದವರ ಮನೆಯಲ್ಲಾಗಿದ್ದರೆ ಸರಿಹೋಗುತ್ತಿತ್ತು ಅಂದರು. ಮಂಡ್ಯದ ಒಂದು ತರಬೇತಿ ಕೇಂದ್ರದಲ್ಲಿದ್ದ ಹೇಮಶ್ರೀ ಎಂಬ ಹುಡುಗಿ ಮಾತ್ರ ಅದಕ್ಕೊಂದು ಹೆಸರು ಹೇಳಿದಳು: ಆಟಿಸಂ. ಹೆಸರು ಹೇಳಿ ಸುಮ್ಮನಾಗದೆ ಮನೆಗೊಂದು ಟ್ಯಾಬು ಕೊಟ್ಟು, ನಾಲ್ಕು ಜನರ ನಡುವೆ ಹೇಗಿರಬೇಕು ಅನ್ನುವುದನ್ನು ಇದರಲ್ಲಿ ಆಟ ಆಡಿಸುತ್ತ ಕಲಿಸಿ, ಶನಿವಾರ ಶನಿವಾರ ಬಂದು ತೋರಿಸಿ ಅಂದಳು.

ಸೊಸೆ ಶ್ವೇತ ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗ ಸ್ವಾಮಿ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ಮಾಡಿಸುವವನು. ಹಾಗಾಗಿ ಟ್ಯಾಬಿನ ಮುಂದೆ ಕೂರುವ ಕೆಲಸ ಎರಡು ಹಸುಗಳ ಚಾಕರಿಯ ಜೊತೆ ದೇವಿರಮ್ಮನ ಪಾಲಿಗೇ ಬಂತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕೆಂಪು ಚುಕ್ಕೆ ಒತ್ತಿದರೆ ಮಾತು ಹಿಡಿಯುತ್ತದೆ, ಹಸಿರು ಒತ್ತಿದರೆ ಆಡುತ್ತದೆ, ಕಸದ ಡಬ್ಬಿಯ ಚಿತ್ರ ಒತ್ತಿದರೆ ಅಳಿಸಿಹೋಗುತ್ತದೆ ಎಂದು ಗುರುತಿಟ್ಟುಕೊಂಡಳು. ಹೊಲದ ಸೊಪ್ಪು ಗುರುತಿಟ್ಟುಕೊಳ್ಳುವವಳಿಗೆ ಅದೇನು ದೊಡ್ಡದಲ್ಲ.

ಟ್ಯಾಬಿನೊಳಗೆ ಟೋಪಿ ಹಾಕಿಕೊಂಡ ಗೊಂಬೆಯೊಂದು ಪಾಠ ಹೇಳುತ್ತಿತ್ತು. “ಇವರೆಲ್ಲ ಟಿಕೆಟ್ಟಿಗಾಗಿ ನಿಂತಿದ್ದಾರೆ. ನೀನು ಎಲ್ಲಿ ನಿಲ್ಲಬೇಕು? ತೋರಿಸು.” ನಿಖಿತಾ ಬೆರಳಿಡುತ್ತಿದ್ದಳು, ಕಟ್ಟಕಡೆಯ ಮನುಷ್ಯನ ಬೆನ್ನ ಹಿಂದೆ. ಚಪ್ಪಾಳೆ, ನಕ್ಷತ್ರ. ಮೂರು ವಾರದಲ್ಲಿ ಸಾಲಿನ ಪಾಠದಲ್ಲಿ ಒಂದೂ ತಪ್ಪಲಿಲ್ಲ.

ದೇವಿರಮ್ಮನಿಗೆ ಇದ್ದದ್ದು ಒಂದೇ ಹಠ. ಈ ಕೂಸು ಹೊಸ್ತಿಲು ದಾಟಿ ಒಬ್ಬಳೇ ಹೋಗಿ ಒಬ್ಬಳೇ ಬರುವ ಜಾಗ ಊರಲ್ಲಿ ಒಂದಾದರೂ ಇರಬೇಕು. ಸ್ಕೂಲಿನವರು ಎರಡೇ ತಿಂಗಳಿಗೆ ಕೈಮುಗಿದಿದ್ದರು. ಅಂಗಡಿ ಹೆದ್ದಾರಿಯ ಆಚೆ. ಉಳಿದದ್ದು ಡೈರಿ. ಮನೆಯಿಂದ ಇನ್ನೂರು ಹೆಜ್ಜೆ, ಒಂದೇ ತಿರುವು. ‘ಇಷ್ಟೂ ಬ್ಯಾಡ ಅಂದ್ರೆ ಇವ್ಳು ಈ ಊರಲ್ಲಿ ಹುಟ್ಟಿದ್ದಾರೂ ಯಾಕೆ’ ಎಂದುಕೊಂಡು ಒಂದು ಸಂಜೆ ಕ್ಯಾನು ಕೈಗೆ ಕೊಟ್ಟು ಕಳಿಸಿದಳು.

ನಿಖಿತಾ ಹೋದಳು. ಡೈರಿ ಬಾಗಿಲ ಮುಂದೆ ಒಬ್ಬ ಮನುಷ್ಯನೂ ಇರಲಿಲ್ಲ. ಹನ್ನೆರಡು ಕ್ಯಾನು ಇದ್ದವು ಅಷ್ಟೆ. ಸಾಲಿನಲ್ಲಿ ಯಾರೂ ಇಲ್ಲದಿದ್ದರೆ ನೇರ ಹೋಗಬಹುದು ಎಂದು ಟೋಪಿ ಗೊಂಬೆ ಹೇಳಿತ್ತಲ್ಲ, ನೇರ ಹೋಗಿ ಮಿಷನ್ನಿನ ಮುಂದೆ ಕ್ಯಾನು ಇಟ್ಟಳು. ಕಟ್ಟೆಯ ಮೇಲಿಂದ ಹತ್ತು ಬಾಯಿ ಒಟ್ಟಿಗೆ ಎದ್ದವು. “ಲೇ, ಲೇ, ಯಾರ್ದಮ್ಮಿ ಅದು!” “ನಾವೇನ್ ಕತ್ತೆ ಕಾಯಾಕ್ ಬಂದಿದ್ದೀವಾ ಇಲ್ಲಿ?” ನಿಖಿತಾ ಕಿವಿ ಮುಚ್ಚಿಕೊಂಡು ಕೂತಳು. ಕಾಲು ತಾಗಿ ಕ್ಯಾನು ಉರುಳಿತು. ಹಾಲು ಮೆಟ್ಟಿಲಿಳಿದು ಚರಂಡಿ ಸೇರಿತು.

ದೇವಿರಮ್ಮ ಓಡಿ ಬರುವಷ್ಟರಲ್ಲಿ ಡೈರಿ ಅಧ್ಯಕ್ಷ ಹೊನ್ನಯ್ಯ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ. ಹದಿನಾಲ್ಕು ವರ್ಷದಿಂದ ಅಧ್ಯಕ್ಷ. “ದೇವಿರಕ್ಕ, ಬುದ್ಧಿ ನೆಟ್ಟಗಿಲ್ಲದ ಕೂಸ್ನ ಯಾಕ್ ಕಳಿಸ್ತೀಯೆ? ಮನೇಲಿ ಕೂರ್ಸ್ಕೊ. ಉಣ್ಣಾಕ್ ಇಕ್ಕು. ನೆಮ್ಮದಿಯಾಗಿರ್ತದೆ.”

“ನೆಮ್ಮದಿಯಾಗಿರಾಕೆ ಅವಳೇನ್ ಒಲೆ ಮುಂದಿನ ಬೆಕ್ಕಾ?” ಎಂದವಳೇ ಮೊಮ್ಮಗಳ ಪಕ್ಕ ತಾನೂ ಕುಕ್ಕರುಗಾಲಲ್ಲಿ ಕೂತಳು. ಗದ್ದಲ ನಿಲ್ಲುವವರೆಗೂ ಹಾಗೇ ಕೂತಿದ್ದಳು.

ಶನಿವಾರ ಮಂಡ್ಯದಲ್ಲಿ ಹೇಮಶ್ರೀ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. “ತಪ್ಪು ನಮ್ಮದು ಅಮ್ಮ. ಪಾಠ ಮಾಡಿದವರು ಯಾರೂ ನಿಮ್ಮೂರ ಡೈರಿ ನೋಡಿಲ್ಲ. ನಿಮ್ಮೂರ ಪಾಠ ನೀವೇ ಮಾಡಿ. ಫೋಟೊ ನೀವೇ ತೆಗೀರಿ, ಮಾತು ನಿಮ್ಮದೇ ಇರ್ಲಿ.” ಹೇಗೆಂದು ತೋರಿಸಿಕೊಟ್ಟಳು. “ಇನ್ನೊಂದು ನೆನಪಿಡಿ. ಪ್ರತಿ ಪಾಠದ ಕೊನೆಯಲ್ಲಿ ಒಂದು ‘ಯಾಕೆ’ ಇರಬೇಕು. ಕಾರಣ ಇಲ್ಲದ ಮಾತು ಅವಳ ತಲೇಲಿ ನಿಲ್ಲಲ್ಲ.”

“ನಮ್ ತಲೇಲಿ ಎಂಗ್ ನಿಂತದೆ ಕಾಣೆ ಕಣವ್ವ” ಎಂದಳು ದೇವಿರಮ್ಮ.

ಮಾರನೆಯ ಸಂಜೆ ಟ್ಯಾಬು ಹಿಡಿದು ಡೈರಿ ಮುಂದೆ ಬಂದು ನಿಂತಳು. ಒಬ್ಬೊಬ್ಬರನ್ನೂ ಅವರವರ ಕ್ಯಾನಿನ ಪಕ್ಕ ನಿಲ್ಲಿಸಿ ಫೋಟೊ ಹಿಡಿದಳು. ಕಿವಿಗೆ ಕೆಂಪು ಬಟ್ಟೆ ಕಟ್ಟಿದ್ದು ವೀಣಳದು. ಹೊಟ್ಟೆ ನೆಗ್ಗಿದ್ದು ಚಿಕ್ಕಮಾದುವಿನದು.

“ಏನ್ ದೇವಿರವ್ವ, ಕ್ಯಾನಿಗೂ ಆಧಾರ್ ಕಾರ್ಡ್ ಮಾಡ್ಸೀಯಾ?” ಎಂದ ಚಿಕ್ಕಮಾದು.

“ಊಂ ಕಣ್ಲಾ. ನಿನ್ಗಿಂತ ನಿನ್ ಕ್ಯಾನೇ ನೆಟ್ಟಗೆ ನಿಂತದೆ. ಅಲ್ಲಾಡ್ಬ್ಯಾಡ.”

ಹೊನ್ನಯ್ಯನ ಹಸು ಆಗ ತುಂಬು ಗಬ್ಬ, ಹಾಲು ಕೊಡುವುದು ನಿಲ್ಲಿಸಿ ತಿಂಗಳಾಗಿತ್ತು. ಹಾಗಿದ್ದೂ ಅಟ್ಟದ ಮೇಲಿದ್ದ ಕ್ಯಾನು ಇಳಿಸಿ, ಸೋಪು ಹಾಕಿ ಉಜ್ಜಿಸಿ, ಹೆಸರು ಕೊರೆದ ಮೈ ಮುಂದೆ ಬರುವ ಹಾಗೆ ಹಿಡಿದುಕೊಂಡು ಬಂದ. “ಮಂಡ್ಯಕ್ಕೆ ಓಯ್ತದಾ ಈ ಫೋಟೊ?”

“ಓಯ್ತದೆ ಕಣಪ್ಪ.”

“ಮೇಲ್ನೋರು ನೋಡ್ತಾರಾ?”

“ನೋಡ್ದೆ ಬುಟ್ಟಾರಾ.”

ಹೊನ್ನಯ್ಯ ಮೀಸೆ ತೀಡಿಕೊಂಡು ನಿಂತ.

ಪಾಠ ತಯಾರಾಯಿತು. ಟೋಪಿ ಗೊಂಬೆಯ ಜಾಗದಲ್ಲಿ ದೇವಿರಮ್ಮನದೇ ದನಿ. “ಇದ್ಯಾರ್ ಕ್ಯಾನಮ್ಮಿ? ನಿನ್ ಕ್ಯಾನ್ ಎಲ್ಲಿಡ್ಬೇಕು? ಮುಂದೆ ಯಾರವ್ರೆ ನೋಡ್ಕೊ.” ಸರಿಯಾದರೆ “ಭಲೇ ನನ್ ಕಂದ!” ತಪ್ಪಾದರೆ “ಏಯ್, ಅಂಗಲ್ಲ ಕಣೇ ಮೂದೇವಿ.” ಹೇಮಶ್ರೀ ಅದನ್ನು ಕೇಳಿ, ಬೈಗುಳ ತೆಗೆಯಿರಿ ಅಂದಳು. ದೇವಿರಮ್ಮ ತೆಗೆಯಲಿಲ್ಲ. “ನಮ್ಮೂರಲ್ಲಿ ಚಪ್ಪಾಳೆ ಯಾರೂ ತಟ್ಟಕಿಲ್ಲ ಕಣವ್ವ, ಬೈತಾರೆ. ನನ್ ಬಾಯಲ್ಲೇ ಕೇಳಿ ಪಳಗ್ಲಿ.” ಕೊನೆಯಲ್ಲಿ ಯಾಕೆ ಎಂಬುದನ್ನೂ ಹೇಳಿದಳು. “ಮೊದ್ಲು ಬಂದೋರು ಮೊದ್ಲಿಂದ ಕಾದವ್ರೆ, ಅದ್ಕೆ.”

ಇಪ್ಪತ್ತು ದಿನ ಅದೇ ಆಟ. ಆಮೇಲೆ ಕ್ಯಾನು ಕೈಗೆ. ಮೊದಲ ವಾರ ದೇವಿರಮ್ಮ ಜೊತೆಯಲ್ಲೇ ನಿಂತಳು. ಹೇಮಶ್ರೀ ಹೇಳಿದಂತೆ ವಾರಕ್ಕಿಷ್ಟು ಹೆಜ್ಜೆ ಹಿಂದೆ ಸರಿಯುತ್ತ ಕೊನೆಗೆ ತಿರುವಿನ ಲೈಟುಕಂಬದ ಹತ್ತಿರ ಬಂದು ನಿಂತಳು. ಅಲ್ಲಿಂದ ಡೈರಿ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು, ಕೈ ಮಾತ್ರ ತಲುಪುತ್ತಿರಲಿಲ್ಲ. ನಿಖಿತಾ ಕ್ಯಾನು ಇಡುತ್ತಿದ್ದಳು, ತನ್ನ ಸರದಿ ಬಂದಾಗ ಎತ್ತುತ್ತಿದ್ದಳು, ಹಾಲಿನ ಲೆಕ್ಕದ ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು ಮನೆ ಸೇರುತ್ತಿದ್ದಳು. ಕಟ್ಟೆಯಲ್ಲಿ ಮಿಕ್ಕವರ ಹಾಗೆ ಕೂರುತ್ತಿರಲಿಲ್ಲ, ಸಾಲಿನ ಪಕ್ಕದಲ್ಲೇ ಕಾವಲು ನಿಂತಿರುತ್ತಿದ್ದಳು. ವೀಣ ಒಂದು ದಿನ “ನಿಖಿ, ನನ್ ಕ್ಯಾನೂ ನೋಡ್ಕೊಳವ್ವ” ಅಂದು ಮನೆಗೆ ಹೋಗಿ ಒಲೆ ಆರಿಸಿ ಬಂದಳು. ಅವತ್ತು ರಾಗಿ ಮುದ್ದೆ ಕಟ್ಟುವಾಗ ದೇವಿರಮ್ಮನಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಆದರೆ ಅವಳು ಒಂದು ಮರೆತಿದ್ದಳು. ಮರೆತಿದ್ದಳು ಅನ್ನುವುದಕ್ಕಿಂತ, ಅದು ಅವಳಿಗೆ ಕಾಣಿಸಿಯೇ ಇರಲಿಲ್ಲ. ಹೊನ್ನಯ್ಯನ ಕ್ಯಾನು ಯಾವಾಗ ಬಂದರೂ ಸಾಲಿನ ಮುಂದಕ್ಕೇ ಹೋಗಿ ಕೂರುತ್ತಿತ್ತು. ಹದಿನಾಲ್ಕು ವರ್ಷದಿಂದ ಕೂರುತ್ತಿತ್ತು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳದೇ ಇದ್ದದ್ದು ಪಾಠದೊಳಗೆ ಬರುವುದಾದರೂ ಹೇಗೆ?

ಹೊನ್ನಯ್ಯನ ಹಸು ಕರು ಹಾಕಿತು. ಗಿಣ್ಣು ಮುಗಿದು ಹಾಲು ಡೈರಿಗೆ ಬಂತು. ಆ ಶನಿವಾರದ ಸಂಜೆ ಸಾಲಿನಲ್ಲಿ ಎಂಟು ಕ್ಯಾನು ಆಗಲೇ ಇದ್ದವು. ಹೊನ್ನಯ್ಯ ಬೈಕು ನಿಲ್ಲಿಸಿ, ಕ್ಯಾನು ತಂದು ಎಲ್ಲದರ ಮುಂದೆ ಇಟ್ಟು ಕಟ್ಟೆಗೆ ಹೋದ. ಯಾರೂ ತಲೆ ಎತ್ತಲಿಲ್ಲ. ನಿಖಿತಾ ನೋಡಿದಳು. ಹೋಗಿ ಆ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ, ಹೆಜ್ಜೆ ತಪ್ಪದೆ, ಒಂದು ತೊಟ್ಟು ಚೆಲ್ಲದೆ, ಎಂಟನೆಯದರ ಹಿಂದೆ ತಂದಿಟ್ಟಳು.

ಕಟ್ಟೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು.

“ಏಯ್ ಕೂಸೆ, ಅದು ನಂದು ಕಣಮ್ಮಿ” ಎಂದು ಹೊನ್ನಯ್ಯ ನಗುತ್ತಲೇ ಎದ್ದು ಬಂದು ಮತ್ತೆ ಮುಂದೆ ಇಟ್ಟ. ನಿಖಿತಾ ಮತ್ತೆ ಹಿಂದೆ ತಂದಳು. ಅವನು ಇನ್ನೊಂದು ಸಲ ಇಟ್ಟಾಗ ನಗು ಇರಲಿಲ್ಲ. ಅವಳು ಇನ್ನೊಂದು ಸಲ ತಂದಳು. ಅವನ ಕಿವಿಯ ಪಕ್ಕ ನೋಡುತ್ತ, ದೇವಿರಮ್ಮನದೇ ದನಿಯಲ್ಲಿ ಹೇಳಿದಳು: “ಮುಂದೆ ಯಾರವ್ರೆ ನೋಡ್ಕೊ. ಅಂಗಲ್ಲ ಕಣೇ ಮೂದೇವಿ.”

ಚಿಕ್ಕಮಾದು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ವೀಣ ತಡೆಯಲಾರದೆ ಕಿಸಕ್ಕೆಂದಳು. ಹೊನ್ನಯ್ಯನ ಮುಖ ಕಪ್ಪಿಟ್ಟಿತು.

ದೇವಿರಮ್ಮ ಕಂಬದ ಹತ್ತಿರವೇ ನಿಂತು ಎಲ್ಲ ನೋಡುತ್ತಿದ್ದಳು. ‘ಬಾ ಕೂಸೆ ಇತ್ಲಾಗೆ’ ಎಂದು ಒಂದು ಕೂಗು ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊಮ್ಮಗಳು ಮಾಡಿದ್ದರಲ್ಲಿ ತಪ್ಪೆಲ್ಲಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗದ ಮೇಲೆ ಕೂಗುವುದು ಹೇಗೆ? ನಾಗೇಶನೇ ಒಳಗಿಂದ ಓಡಿ ಬಂದು, ಮಿಷನ್ನು ಬಿಸಿಯಾಗಿದೆ, ಇವತ್ತು ಹೇಗೋ ಆಗಲಿ ಎಂದು ಏನೇನೋ ಹೇಳಿ ಅಧ್ಯಕ್ಷರ ಹಾಲನ್ನು ಪಕ್ಕದ ಬಾಗಿಲಿಂದ ತೆಗೆದುಕೊಂಡ.

ಭಾನುವಾರ ಬೆಳಿಗ್ಗೆ ಹೊನ್ನಯ್ಯ ನಾಗೇಶನನ್ನು ಬೆನ್ನಿಗಿಟ್ಟುಕೊಂಡು ಮನೆಗೆ ಬಂದ. ಜಗಲಿಯ ಮೇಲೆ ಕೂತು, ಶ್ವೇತ ಕೊಟ್ಟ ಕಾಫಿ ಕುಡಿದು ಮುಗಿಸಿ, ಆಮೇಲೆ ಮಾತು ತೆಗೆದ.

“ನೋಡಕ್ಕ, ಕೂಸಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ. ಅದೇನೋ ಟ್ಯಾಬಲ್ಲಿ ನೀ ಹೇಳ್ಕೊಟ್ಟಂಗೆ ಮಾಡ್ತದಂತಲ್ಲ. ಅಂಗಾರೆ ಇದ್ನೂ ಹೇಳ್ಕೊಡು. ಅಧ್ಯಕ್ಷರ ಕ್ಯಾನು ಮೊದ್ಲು ಅಂತ. ಇನ್ನೊಂದು, ದೊಡ್ಡೋರ್ ಹತ್ರ ತಪ್ಪಾಯ್ತು ಅನ್ನಾದು. ಎರಡೇ ಪಾಠ. ಎಷ್ಟೊತ್ತಿನ ಕೆಲಸ?”

ಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ. “ಔದು ಕಣವ್ವ, ಹಾಕ್ಬುಡು. ಅವಳಿಗೂ ಗೊತ್ತಾಯ್ತದೆ.”

ದೇವಿರಮ್ಮ ಮಗನ ಮುಖ ನೋಡಿದಳು. ಒಳಗೆ ಹೋಗಿ ಟ್ಯಾಬು ತಂದು ತೊಡೆಯ ಮೇಲಿಟ್ಟುಕೊಂಡಳು. ಅದರಲ್ಲಿದ್ದ ಹೊನ್ನಯ್ಯನ ಫೋಟೊ ತೆರೆದಳು, ಆ ಮೀಸೆ ತೀಡಿದ್ದು. ಪಾಠದ ಮಾತು ಹೇಳುವುದು ಅವಳಿಗೇನೂ ಕಷ್ಟವಿರಲಿಲ್ಲ. ಕೊನೆಯ ಖಾನೆಗೆ ಬಂದಾಗ ಬೆರಳು ನಿಂತಿತು.

“ಇದ್ರಲ್ಲಿ ಯಾಕೆ ಅಂತ ಹೇಳ್ಬೇಕು ಕಣಪ್ಪ. ಇಲ್ದಿದ್ರೆ ಅವ್ಳಿಗೆ ಹತ್ತಕಿಲ್ಲ. ನಂಗೆ ಆ ಯಾಕೆ ಗೊತ್ತಿಲ್ಲ. ನೀನೇ ಹೇಳ್ಬುಡು.” ಟ್ಯಾಬನ್ನು ಅವನ ಬಾಯಿಗೆ ಹಿಡಿದು ಕೆಂಪು ಚುಕ್ಕೆ ಒತ್ತಿದಳು.

ಹೊನ್ನಯ್ಯ ಗಂಟಲು ಸರಿಮಾಡಿಕೊಂಡ. ಸಭೆಯಲ್ಲಿ ಮಾತಾಡುವವನ ಹಾಗೆ ಬೆನ್ನು ನೆಟ್ಟಗೆ ಮಾಡಿದ. “ನಾನು ಅಧ್ಯಕ್ಷ. ಅದಕ್ಕೆ…”

“ಅದ್ಕೆ?”

“ಅದಕ್ಕೆ ನನ್ ಕ್ಯಾನು ಮೊದ್ಲು.”

“ಅದು ಯಾಕೆ ಆಗ್ಲಿಲ್ವಲ್ಲಪ್ಪ. ಅಧ್ಯಕ್ಷನ್ ಹಸ ಏನ್ ಬ್ಯಾರೆ ಬಣ್ಣದ್ ಹಾಲ್ ಕೊಟ್ಟದಾ?”

“ಅಧ್ಯಕ್ಷ ಅಂದ್ಮೇಲೆ ಕೆಲಸ ಜಾಸ್ತಿ ಇರ್ತದೆ ಕಣಕ್ಕ!”

“ಹಾಲಾಕಿದ್ಮೇಲೆ ಕತ್ತಲಾಗೋಗಂಟ ಕಟ್ಟೇಲಿ ಕುಂತಿರ್ತೀಯಲ್ಲ, ಅದಾ ಕೆಲಸ?”

ನಾಗೇಶ ಕೆಮ್ಮು ಬಂದವನ ಹಾಗೆ ಬೀದಿಯ ಕಡೆ ತಿರುಗಿದ. ಬೀದಿಯಲ್ಲಿ ಆಗಲೇ ನಾಲ್ಕು ಜನ ನಿಂತಿದ್ದರು.

ನಿಖಿತಾ ಒಳಗಿಂದ ಬಂದಳು. ಟ್ಯಾಬು ತನ್ನದು, ಅದರಲ್ಲೊಂದು ಹೊಸ ದನಿ ಬಂದಿದೆ. ಹಸಿರು ಒತ್ತಿದಳು. ‘ನಾನು ಅಧ್ಯಕ್ಷ. ಅದಕ್ಕೆ… ಅದ್ಕೆ? ಅದಕ್ಕೆ ನನ್ ಕ್ಯಾನು ಮೊದ್ಲು.’ ಅವಳಿಗೆ ಅದರ ಧಾಟಿ ಹಿಡಿಸಿತು. ಮತ್ತೆ ಒತ್ತಿದಳು. ಮತ್ತೆ ಒತ್ತಿದಳು. ಮೂರನೆಯ ಸಲ ಬೀದಿಯ ಒಬ್ಬ ಹುಡುಗಿ ಅದನ್ನೇ ತಿರುಗಿಸಿ ಹೇಳಿ ಓಡಿಹೋದಳು.

“ಅಳ್ಸಕ್ಕ ಅದ್ನ” ಎಂದ ಹೊನ್ನಯ್ಯ. ದನಿ ಇಳಿದಿತ್ತು.

“ಅಳ್ಸಾಕೆ ನಂಗೆ ಬರಾಕಿಲ್ಲ ಕಣಪ್ಪ” ಎಂದಳು ದೇವಿರಮ್ಮ. ಬರುತ್ತಿತ್ತು.

ಹೊನ್ನಯ್ಯ ಎದ್ದು ನಿಂತ. “ಸರಿ. ನಾಳಿಂದ ಈ ಕೂಸು ಡೈರಿ ಮೆಟ್ಲು ಹತ್ತಂಗಿಲ್ಲ. ಹಾಲು ನೀ ತತ್ತಾ, ನಿನ್ ಸೊಸೆ ತರ್ಲಿ, ಬ್ಯಾಡ ಅನ್ನಾಕಿಲ್ಲ. ಇವ್ಳು ತಂದ್ರೆ ಅಳ್ಯಂಗಿಲ್ಲ. ನಾಗೇಶ, ಕೇಳಿಸ್ತಾ?” ನಾಗೇಶ ತಲೆ ಆಡಿಸಿದ, ಹೌದು ಎಂದೋ ಅಲ್ಲ ಎಂದೋ ತಿಳಿಯದ ಹಾಗೆ.

ಅವರು ಹೋದ ಮೇಲೆ ಸ್ವಾಮಿ ಅಂದ, “ನೀನೇ ಓಗಿ ಹಾಕ್ಬುಟ್ ಬಾರವ್ವ. ಹಾಲು ಓದ್ರೆ ಸಾಕಲ್ವಾ? ಊರಲ್ಲಿ ಬಾಳೋರು ನಾವು.”

“ಊರಲ್ಲಿ ಅವ್ಳೂ ಬಾಳ್ಬೇಕು ಕಣ್ಲಾ. ನಮ್ಗಿಂತ ಹೆಚ್ಚು ವರ್ಸ ಬಾಳ್ಬೇಕಾದೋಳು ಅವ್ಳು. ನಾನ್ ಓದ್ರೆ ಹಾಲು ಓಯ್ತದೆ, ಅವ್ಳು ಓಗದು ನಿಂತೋಯ್ತದೆ.”

ಶ್ವೇತ ಕಾಫಿ ಲೋಟ ತೊಳೆಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ನಾನು ಫ್ಯಾಕ್ಟ್ರೀಲಿ ದಿನಕ್ಕೆ ಹತ್ತು ಸಲ ತಪ್ಪಾಯ್ತು ಅಂತೀನಿ. ಯಾವ್ ತಪ್ಪು ಅಂತ ಒಂದ್ ಸಲಾನೂ ಕೇಳಿಲ್ಲ. ಆ ಪಾಠ ಅವಳಿಗೆ ಬ್ಯಾಡತ್ತೆ. ಅವ್ಳನ್ನೇ ಕಳ್ಸಿ.”

ಸೋಮವಾರ ಸಂಜೆ ದೇವಿರಮ್ಮ ಹಾಲು ಕರೆದು, ಸೋಸಿ, ಕ್ಯಾನಿನ ಮುಚ್ಚಳ ಬಿಗಿ ಮಾಡಿ ಮೊಮ್ಮಗಳ ಕೈಗೆ ಕೊಟ್ಟಳು. ಜೊತೆಗೆ ಹೋಗಬೇಕೆಂದು ಕಾಲು ಎಳೆಯುತ್ತಿತ್ತು. ಆದರೂ ಲೈಟುಕಂಬದವರೆಗೆ ಮಾತ್ರ ಹೋಗಿ ನಿಂತಳು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೂ ತಾನೇ ಹಾಲು ತಂದ ಹಾಗೆ ಲೆಕ್ಕ.

ನಿಖಿತಾ ಐದು ಕ್ಯಾನುಗಳ ಹಿಂದೆ ತನ್ನದನ್ನು ಇಟ್ಟು ಪಕ್ಕದಲ್ಲಿ ನಿಂತಳು. ಕಟ್ಟೆಯಲ್ಲಿದ್ದವರೆಲ್ಲರ ಕಣ್ಣೂ ಇವತ್ತು ರಸ್ತೆಯ ಮೇಲೇ. ಹೊನ್ನಯ್ಯ ಬಂದ. ಅವನೂ ಯೋಚನೆ ಮಾಡಿಕೊಂಡೇ ಬಂದಿದ್ದ. ಕ್ಯಾನನ್ನು ಸಾಲಿನಲ್ಲಿ ಇಡಲೇ ಇಲ್ಲ. ಕೈಯಲ್ಲೇ ಹಿಡಿದುಕೊಂಡು ನೇರವಾಗಿ ಬಾಗಿಲಿಗೆ ಹೋಗಿ ನಿಂತ. ಇಡದ ಕ್ಯಾನನ್ನು ಎತ್ತಿ ಹಿಂದಕ್ಕೆ ಇಡುವುದು ಹೇಗೆ?

ನಿಖಿತಾ ನೋಡಿದಳು. ಸಾಲನ್ನು ನೋಡಿದಳು, ಅವನ ಕೈಯನ್ನು ನೋಡಿದಳು. ಇಂಥದ್ದೊಂದು ಫೋಟೊ ಟ್ಯಾಬಿನಲ್ಲಿ ಇರಲಿಲ್ಲ. ಅವಳ ಬೆರಳುಗಳು ಕಿವಿಯ ಕಡೆಗೆ ಏಳುವುದನ್ನು ದೇವಿರಮ್ಮ ದೂರದಿಂದಲೇ ಕಂಡಳು. ಅರ್ಧಕ್ಕೆ ಬಂದ ಕೈಗಳು ಅಲ್ಲೇ ನಿಂತವು. ನಿಖಿತಾ ನಾಲ್ಕು ಹೆಜ್ಜೆ ನಡೆದು ಹೊನ್ನಯ್ಯನ ಮುಂದೆ ಹೋಗಿ ನಿಂತಳು.

“ಇಡು” ಅಂದಳು.

ಅದು ದೇವಿರಮ್ಮ ಹೇಳಿಕೊಟ್ಟ ಮಾತಲ್ಲ. ಯಾರ ಧಾಟಿಯೂ ಅದರಲ್ಲಿರಲಿಲ್ಲ.

“ಕ್ಯಾನ್ ಇಡು.”

“ನಾಗೇಶ, ತಕೊ ಹಾಲ” ಎಂದ ಹೊನ್ನಯ್ಯ, ಅವಳ ತಲೆಯ ಮೇಲಿನಿಂದ.

ನಾಗೇಶನ ಕೈಯಲ್ಲಿ ಅಳತೆಯ ಪಾತ್ರೆ ಇತ್ತು. ಅವನು ಹೊನ್ನಯ್ಯನನ್ನು ನೋಡಿದ, ಕಟ್ಟೆಯನ್ನು ನೋಡಿದ. ಕಟ್ಟೆಯ ಹಿಂದೆಲ್ಲೋ ಒಂದು ಮಗು ಸಣ್ಣಗೆ ‘ನಾನು ಅಧ್ಯಕ್ಷ, ಅದಕ್ಕೆ’ ಅಂದಿತು. ನಿನ್ನೆಯಿಂದ ಊರಿನ ಮಕ್ಕಳ ಬಾಯಲ್ಲೆಲ್ಲ ಅದೇ. ಯಾರೋ ಆ ಮಗುವಿನ ಬಾಯಿ ಮುಚ್ಚಿದರು. ನಾಗೇಶ ಬಗ್ಗಿ, ಸಾಲಿನ ಮುಂದಿದ್ದ ಹೊಟ್ಟೆ ನೆಗ್ಗಿದ ಕ್ಯಾನನ್ನು ನೋಡಿದ.

“ಮಾದಣ್ಣ, ತಾ ನಿಂದು” ಎಂದ.

ಚಿಕ್ಕಮಾದು ಏಳುವುದೋ ಬೇಡವೋ ಎಂದು ಒಂದು ಕ್ಷಣ ಕೂತಿದ್ದು ಎದ್ದ. ಹೊನ್ನಯ್ಯನ ಮುಖ ನೋಡದೆ ಪಕ್ಕದಿಂದ ನುಸುಳಿ ಹಾಲು ಸುರಿದ. ಆಮೇಲೆ ವೀಣ. ಆಮೇಲೆ ಮತ್ತೆ ಮೂವರು. ಹೊನ್ನಯ್ಯ ಬಾಗಿಲ ಪಕ್ಕದಲ್ಲಿ ಕ್ಯಾನು ಹಿಡಿದೇ ನಿಂತಿದ್ದ. ಇಟ್ಟರೆ ಸಾಲಿಗೆ ಸೇರಿದಂತೆ, ಹೊರಟರೆ ಸೋತು ಹೋದಂತೆ. ಹತ್ತು ಲೀಟರಿನ ಕ್ಯಾನು.

ಕಂಬದ ಕಡೆ ಕಣ್ಣು ಹಾಯಿಸಿ ಅವನು ಕೂಗಿದ: “ದೇವಿರಕ್ಕ, ನಿನ್ ಮೊಮ್ಮಗ್ಳಿಗೆ ಒಸಿ ಮರ್ವಾದೆ ಕಲ್ಸು!”

“ಕಲ್ಸಿದ್ದೇ ಅದು ಕಣಪ್ಪ” ಎಂದು ದೇವಿರಮ್ಮ ಅಲ್ಲಿಂದಲೇ ಕೂಗಿದಳು. “ನಿಂಗೂ ಬೇಕಾರೆ ಸನಿವಾರ ಮಂಡ್ಯದ ಬಸ್ಸತ್ತು, ಕರ್ಕೊಂಡೋಯ್ತೀನಿ!”

ಆರನೆಯ ಕ್ಯಾನು ನಿಖಿತಾಳದು. ನಾಗೇಶ ತೆಗೆದುಕೊಂಡ, ಅಳೆದ, ಚೀಟಿ ಹರಿದು ಕೊಟ್ಟ. ಅವಳು ಅದನ್ನು ನಾಲ್ಕು ಮಡಿಕೆ ಮಡಿಸಿದಳು. ಬರಿದಾದ ಕ್ಯಾನು ಬೀಸುತ್ತ ತಿರುವಿಗೆ ಬಂದು, ಅಜ್ಜಿಯನ್ನು ಕಂಡರೂ ಕಾಣದ ಹಾಗೆ ದಾಟಿ ಮನೆಯ ಕಡೆ ನಡೆದಳು. ದೇವಿರಮ್ಮ ಕರೆಯಲಿಲ್ಲ, ಹಿಂದೆಯೂ ಹೋಗಲಿಲ್ಲ. ಡೈರಿಯ ಮುಂದೆ ಇನ್ನೂ ನಾಲ್ಕು ಕ್ಯಾನು ಉಳಿದಿದ್ದವು. ಹೊನ್ನಯ್ಯ ತನ್ನದನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ.